ಕೆಸರಿನ ಮನೆಗೆ ಮಹಡಿಗಳೆಷ್ಟು?

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಜಾಗ. ಸಮುದ್ರದ ನೀರು ಹಿಂದೆ ಸರಿದು ಅಳಿವೆಯ ಕೆಸರುಬಯಲು ಮೆಲ್ಲಗೆ ಮೈದೋರುತ್ತಿದೆ. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದ ಹೆಂಗಸರು ಬುಟ್ಟಿ ಹಿಡಿದು ಸಾಲಾಗಿ ಕೆಸರಿಗೆ ಇಳಿಯುತ್ತಾರೆ. ಕೈಗಿಂತ ಮೊದಲು ಅವರ ಪಾದಗಳು ಹುಡುಕುತ್ತವೆ. ಹೆಬ್ಬೆರಳಿಗೆ ಗಟ್ಟಿಯಾದದ್ದೇನೋ ತಗಲಿದೊಡನೆ ಬಗ್ಗಿ ಎತ್ತಿದರೆ ಅದು ಬಳಚು. ಘಟ್ಟದ ಮೇಲಿನವರು ಚಿಪ್ಪಿಕಲ್ಲು ಎಂದರೂ ಸರಿಯೇ. ಎರಡು ಮೂರು ಗಂಟೆಯಲ್ಲಿ ಬುಟ್ಟಿ ತುಂಬಬೇಕು. ಆಮೇಲೆ ನೀರು ಮರಳಿ ಬರುತ್ತದೆ. ಯಾರಿಗಾಗಿಯೂ ಅದು ಕಾಯುವುದಿಲ್ಲ.

ಈ ಹೆಂಗಸರು ಕೆಸರಿನ ಎಲ್ಲ ಕಡೆಯೂ ಕಾಲಾಡಿಸುವುದಿಲ್ಲ ಎಂಬುದನ್ನು ಗಮನಿಸಿ. ದಡದ ಕಾಂಡ್ಲಾ ಗಿಡಗಳ ಬುಡದಲ್ಲಿ ಸಿಗುವ ಚಿಪ್ಪೇ ಬೇರೆ, ಬಯಲಿನ ನಡುವೆ ಸಿಗುವುದೇ ಬೇರೆ, ಅಳಿವೆಯ ಬಾಯಲ್ಲಿ ಸಿಗುವುದೇ ಬೇರೆ ಎಂದು ಅವರಿಗೆ ಗೊತ್ತು. ಹತ್ತಿಪ್ಪತ್ತು ಹೆಜ್ಜೆಗಳ ಅಂತರದಲ್ಲಿ ಜೀವಿಗಳು ಹೀಗೆ ಬದಲಾಗುವುದೇಕೆ? ಒಂದೇ ಕೆಸರು, ಒಂದೇ ನೀರು, ಒಂದೇ ಬಿಸಿಲು. ಆದರೂ ಪ್ರತಿಯೊಂದು ಜೀವಿಗೂ ತನ್ನದೇ ಮಹಡಿ. ಈ ಮಹಡಿ ಮನೆಯ ಲೆಕ್ಕಾಚಾರ ಜೀವವಿಜ್ಞಾನದ ಒಂದು ಸೊಗಸಾದ ಪಾಠ.

ಮೆತ್ತನೆಯ ಮೈ, ಗಟ್ಟಿಯಾದ ಮನೆ

ಬಸವನಹುಳು, ಬಳಚು, ಸಿಂಪಿ, ಅಷ್ಟಪದಿ ಇವೆಲ್ಲ ಮೃದ್ವಂಗಿಗಳೆಂಬ ಒಂದೇ ವಂಶಕ್ಕೆ ಸೇರಿದವು. ಹೆಸರೇ ಹೇಳುವಂತೆ ಮೈ ಮೃದು, ಮೂಳೆಯಿಲ್ಲ. ಹೆಚ್ಚಿನವು ಕ್ಯಾಲ್ಸಿಯಂ ಕಾರ್ಬೊನೇಟಿನ ಚಿಪ್ಪನ್ನು ತಾವೇ ಕಟ್ಟಿಕೊಳ್ಳುತ್ತವೆ. ಜಗತ್ತಿನಲ್ಲಿ ಈವರೆಗೆ 80 ಸಾವಿರಕ್ಕೂ ಹೆಚ್ಚು ಜಾತಿಯ ಮೃದ್ವಂಗಿಗಳನ್ನು ಗುರುತಿಸಲಾಗಿದೆ. ಪ್ರಾಣಿಲೋಕದಲ್ಲಿ ಸಂಖ್ಯೆಯಲ್ಲಿ ಇವುಗಳನ್ನು ಮೀರಿಸುವುದು ಕೀಟ, ಏಡಿಗಳ ಸಂಧಿಪದಿ ವಂಶ ಮಾತ್ರ.

ಕಾಂಡ್ಲಾ ಕಾಡಿನಲ್ಲಿ ಮುಖ್ಯವಾಗಿ ಕಾಣುವುದು ಎರಡು ಬಗೆ. ಸುರುಳಿ ಚಿಪ್ಪಿನ, ಹೊಟ್ಟೆಯ ಮೇಲೆ ತೆವಳುವ ಉದರಪಾದಿಗಳು ಒಂದು. ಪುಸ್ತಕದಂತೆ ತೆರೆದು ಮುಚ್ಚುವ ಎರಡು ಚಿಪ್ಪುಗಳ ದ್ವಿಕವಾಟಿಗಳು ಇನ್ನೊಂದು. ಮೊದಲನೆಯವು ನಾಲಗೆಯ ಮೇಲಿನ ಅರದಂಥ ಹಲ್ಲುಪಟ್ಟಿಯಿಂದ ಪಾಚಿ, ಎಲೆಗಳನ್ನು ಕೆರೆದು ತಿನ್ನುತ್ತವೆ. ಎರಡನೆಯವಕ್ಕೆ ತಲೆಯೂ ಇಲ್ಲ, ಹಲ್ಲೂ ಇಲ್ಲ. ಅವು ನೀರನ್ನು ಒಳಗೆಳೆದು, ಕಿವಿರಿನಿಂದ ಸೋಸಿ, ಆಹಾರದ ಕಣಗಳನ್ನಷ್ಟೇ ಉಳಿಸಿಕೊಂಡು ಮಿಕ್ಕ ನೀರನ್ನು ಹೊರಗೆ ಬಿಡುತ್ತವೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ. ನೀರು ಸೋಸಿ ತಿನ್ನುವವನಿಗೆ ನೀರಿದ್ದಾಗ ಮಾತ್ರ ಊಟ. ಕೆರೆದು ತಿನ್ನುವವನಿಗೆ ಆ ನಿರ್ಬಂಧವಿಲ್ಲ. ಯಾರ ಮನೆ ಯಾವ ಮಹಡಿಯಲ್ಲಿ ಎಂಬುದರ ಅರ್ಧ ಉತ್ತರ ಇಲ್ಲಿಯೇ ಇದೆ.

ದಿನಕ್ಕೆರಡು ಬಾರಿ ಬದಲಾಗುವ ಲೋಕ

ನಮ್ಮ ಕರಾವಳಿಯಲ್ಲಿ ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಉಬ್ಬರ ಬರುತ್ತದೆ. ಅಂದರೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಚಂದ್ರ ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಹುಟ್ಟುವುದರಿಂದ ಉಬ್ಬರವೂ ಅಷ್ಟೇ ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಸೂರ್ಯ ಚಂದ್ರರ ಸೆಳೆತ ಒಂದುಗೂಡಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತಮುತ್ತ ಏರಿಳಿತ ಕಡಿಮೆ.

ಅತಿ ಹೆಚ್ಚಿನ ಉಬ್ಬರದ ಗೆರೆಗೂ ಅತಿ ಕಡಿಮೆ ಇಳಿತದ ಗೆರೆಗೂ ನಡುವಿನ ನೆಲವೇ ಉಬ್ಬರವಿಳಿತ ವಲಯ. ಕೆಳಗಿನ ಅಂಚು ಹೆಚ್ಚು ಹೊತ್ತು ನೀರಿನಲ್ಲಿರುತ್ತದೆ. ನಡುವಿನ ಭಾಗ ದಿನಕ್ಕೆರಡು ಬಾರಿ ಮುಳುಗಿ ಏಳುತ್ತದೆ. ಮೇಲಿನ ಅಂಚಿಗೆ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಮಾತ್ರ ನೀರು ತಾಗುತ್ತದೆ. ಅಲ್ಲಿ ಬದುಕುವ ಜೀವಿಗೆ ಮಧ್ಯಾಹ್ನದ ಸುಡುಬಿಸಿಲು, ಆವಿಯಾಗಿ ಉಪ್ಪಾಗುವ ನೀರು, ಮಳೆ ಬಂದರೆ ಏಕಾಏಕಿ ಸಿಹಿಯಾಗುವ ನೀರು ಎಲ್ಲವೂ ಸರದಿಯಲ್ಲಿ ಕಾದಿರುತ್ತವೆ.

ನೆಲ ಅಂತಸ್ತು: ಬಳಚಿನ ಬಯಲು

ಕಾಂಡ್ಲಾ ಗಿಡಗಳ ಮುಂದೆ, ನೀರಿನ ಕಡೆಗೆ ಚಾಚಿಕೊಂಡ ಮರಳು ಮಿಶ್ರಿತ ಕೆಸರುಬಯಲೇ ನೆಲ ಅಂತಸ್ತು. ಮೆರೆಟ್ರಿಕ್ಸ್, ಪಾಫಿಯಾ, ಕ್ಯಾಟೆಲಿಸಿಯಾ ಮುಂತಾದ ಬಳಚುಗಳ ವಾಸ ಇಲ್ಲಿ. ಅವು ಕೆಸರಿನಲ್ಲಿ ಹುದುಗಿ, ಎರಡು ಸಣ್ಣ ಕೊಳವೆಗಳನ್ನು ಮೇಲಕ್ಕೆ ಚಾಚುತ್ತವೆ. ಒಂದು ನೀರನ್ನು ಒಳಗೆಳೆಯಲು, ಇನ್ನೊಂದು ಹೊರಬಿಡಲು. ನೀರು ಇಳಿದೊಡನೆ ಕೊಳವೆಗಳನ್ನು ಒಳಗೆಳೆದುಕೊಂಡು, ಚಿಪ್ಪು ಬಿಗಿಯಾಗಿ ಮುಚ್ಚಿ, ಮುಂದಿನ ಉಬ್ಬರಕ್ಕೆ ಕಾಯುತ್ತವೆ.

ಇದೇ ಬಯಲಿನ ಮೇಲ್ಮೈಯಲ್ಲಿ ಪೈರೆನೆಲ್ಲಾ ಎಂಬ ಮೊನಚು ಗೋಪುರದಂಥ ಸಣ್ಣ ಶಂಖದ ಹುಳುಗಳು ಸಾವಿರಗಟ್ಟಲೆ ಹರಿದಾಡುತ್ತವೆ. ಕೆಸರಿನ ಮೇಲಿನ ಪಾಚಿಯ ಪೊರೆ, ಕೊಳೆತ ಎಲೆಯ ಪುಡಿ ಇವುಗಳ ಆಹಾರ. ಇಳಿತದ ಸಮಯದಲ್ಲಿ ಕೆಸರಿನ ಮೇಲೆ ಕಾಣುವ ವಕ್ರವಾದ ಗೆರೆಗಳು ಇವು ನಡೆದ ದಾರಿಗಳು.

ಮೊದಲ ಮಹಡಿ: ಬೇರುಗಳ ಕಾಡು

ಅಲ್ಲಿಂದ ನಾಲ್ಕು ಹೆಜ್ಜೆ ದಡದ ಕಡೆಗೆ ಬಂದರೆ ರೈಜೋಫೋರಾ ಗಿಡಗಳ ಕಮಾನು ಬೇರುಗಳು. ಕೆಸರಿನ ಲೋಕದಲ್ಲಿ ಗಟ್ಟಿ ನೆಲೆ ಅಪರೂಪ. ಆದ್ದರಿಂದ ಈ ಬೇರುಗಳಿಗೆ ಭಾರಿ ಬೇಡಿಕೆ! ಸಿಂಪಿಗಳು ಇಲ್ಲಿ ಒಂದರ ಮೇಲೊಂದು ಅಂಟಿಕೊಂಡು ಬೇರನ್ನು ಕಲ್ಲಿನ ಕಂಬದಂತೆ ಮಾಡುತ್ತವೆ. ಎಲ್ಲ ಸಿಂಪಿಗಳೂ ಒಂದು ಎತ್ತರದವರೆಗೆ ಮಾತ್ರ ಇರುತ್ತವೆ. ಅದರ ಮೇಲೆ ಬೇರು ಬರಿದು. ಯಾರೋ ದಾರ ಹಿಡಿದು ಗೆರೆ ಎಳೆದಂತೆ ಕಾಣುತ್ತದೆ. ಸಿಂಪಿಗೆ ಸೋಸಿ ತಿನ್ನಲು ಬೇಕಾದಷ್ಟು ಹೊತ್ತು ನೀರು ನಿಲ್ಲುವ ಎತ್ತರ ಅಲ್ಲಿಗೆ ಮುಗಿಯುತ್ತದೆ.

ಇದೇ ಬೇರುಗಳ ಮೇಲೆ ಅರ್ಧಗೋಲದಾಕಾರದ ನೆರೈಟ್ ಬಸವನಹುಳುಗಳು ಪಾಚಿ ಕೆರೆಯುತ್ತಿರುತ್ತವೆ. ಸತ್ತು ಬಿದ್ದ ಕೊಂಬೆಯನ್ನು ಸೀಳಿ ನೋಡಿದರೆ ಇನ್ನೊಂದು ಸೋಜಿಗ. ಒಳಗೆಲ್ಲ ಬೆರಳು ಗಾತ್ರದ ಸುರಂಗಗಳು, ಸುರಂಗದಲ್ಲಿ ಉದ್ದನೆಯ ಬಿಳಿ ಹುಳು. ಹಡಗುಹುಳು ಎಂಬ ಹೆಸರಿದ್ದರೂ ಇದು ಹುಳುವಲ್ಲ, ಬಳಚಿನ ಹತ್ತಿರದ ನೆಂಟ. ಇದರ ಎರಡು ಪುಟ್ಟ ಚಿಪ್ಪುಗಳೇ ಮರ ಕೊರೆಯುವ ಉಳಿಗಳು. ಮರದ ನಾರನ್ನು ಅರಗಿಸಿಕೊಳ್ಳಲು ಇದರ ಕಿವಿರಿನಲ್ಲಿರುವ ಬ್ಯಾಕ್ಟೀರಿಯಾಗಳು ನೆರವಾಗುತ್ತವೆ. ದೋಣಿಯ ಮಾಲೀಕರಿಗೆ ಇದು ಶತ್ರು. ಕಾಡಿಗೆ ಮಾತ್ರ ಬಿದ್ದ ಮರವನ್ನು ಮಣ್ಣು ಮಾಡಿಕೊಡುವ ಜಾಡಮಾಲಿ.

ಎರಡನೆಯ ಮಹಡಿ: ನೆರಳಿನ ಕೆಸರು

ಇನ್ನೂ ಒಳಗೆ ಹೋದರೆ ನೆರಳು ದಟ್ಟವಾಗುತ್ತದೆ, ಕೆಸರು ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಬಡಿಯುತ್ತದೆ. ಕೆಸರಿನಲ್ಲಿ ಆಮ್ಲಜನಕವಿಲ್ಲದ ಕಡೆ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲ ತಯಾರಿಸುತ್ತವೆ. ಬಯಲಿನ ಬಳಚಿಗೆ ಇಲ್ಲಿ ಬದುಕು ಕಷ್ಟ. ಆದರೆ ಪಾಲಿಮೆಸೋಡಾ ಎಂಬ ದಪ್ಪ ಚಿಪ್ಪಿನ ಕೆಸರು ಬಳಚು ಇಲ್ಲಿಯೇ ಹಾಯಾಗಿರುತ್ತದೆ. ನೀರಿಲ್ಲದಾಗ ಚಿಪ್ಪನ್ನು ತುಸುವೇ ತೆರೆದು ಗಾಳಿಯಿಂದಲೇ ಆಮ್ಲಜನಕ ಪಡೆಯುವ ಕಲೆ ಅದಕ್ಕೆ ಒಲಿದಿದೆ.

ಸುಂದರಬನ, ಗೋವಾ, ಮಹಾರಾಷ್ಟ್ರಗಳ ಕಾಂಡ್ಲಾ ಕಾಡುಗಳ ಇಂಥ ಕೆಸರಿನಲ್ಲಿ ಟೆಲಿಸ್ಕೋಪಿಯಂ ಎಂಬ ದೊಡ್ಡ ಶಂಖದ ಹುಳು ಸಿಗುತ್ತದೆ. ಇದರ ಚಿಪ್ಪು ಬೆರಳುದ್ದದ ಶಂಕು. ತಲೆಯ ಮೇಲಿನ ಎರಡು ಕಣ್ಣುಗಳ ಜೊತೆಗೆ ಹೊದಿಕೆಯ ಅಂಚಿನಲ್ಲಿ ಮೂರನೆಯದೊಂದು ಕಣ್ಣೂ ಇದಕ್ಕಿದೆ! ತಲೆಯನ್ನು ಕೆಸರಿನಲ್ಲಿ ಹುದುಗಿಸಿ ಮೇಯುವಾಗಲೂ ಮೇಲೆ ಬೆಳಕು ನೆರಳಿನ ಸುಳಿವು ಸಿಗಬೇಕಲ್ಲ!

ಇದರ ನೆಂಟನಾದ ಟೆರೆಬ್ರಾಲಿಯಾ ಪಾಲುಸ್ಟ್ರಿಸ್ ಇನ್ನೊಂದು ಬಗೆಯ ಜಾಣ. ಎಳೆಯದಾಗಿದ್ದಾಗ ಅದು ಕೆಸರನ್ನು ನೆಕ್ಕುತ್ತದೆ. ಬೆಳೆದ ಮೇಲೆ ಬಿದ್ದ ಎಲೆಗಳನ್ನು ತಿನ್ನುತ್ತದೆ. ವಯಸ್ಸಿಗೆ ತಕ್ಕಂತೆ ಅದರ ಹಲ್ಲುಪಟ್ಟಿಯ ಆಕಾರವೂ ಬದಲಾಗುತ್ತದೆ. ಹೀಗಾಗಿ ಒಂದೇ ಜಾಗದಲ್ಲಿದ್ದರೂ ಮಕ್ಕಳಿಗೂ ದೊಡ್ಡವರಿಗೂ ಊಟಕ್ಕಾಗಿ ಜಗಳವಿಲ್ಲ.

ಮೇಲಿನ ಮಹಡಿ ಮತ್ತು ಮಾಳಿಗೆ

ದಡದ ಅಂಚಿನಲ್ಲಿ, ಹುಳ್ಳಿಮುಳ್ಳಿನಂಥ ಅಕ್ಯಾಂಥಸ್ ಪೊದೆಗಳ ಬುಡದಲ್ಲಿ ಕ್ಯಾಸಿಡುಲಾ ಮತ್ತು ಅದರ ಬಂಧುಗಳಿವೆ. ಇವು ಕಿವಿರನ್ನೇ ಬಿಟ್ಟುಕೊಟ್ಟು ಶ್ವಾಸಕೋಶದಂಥ ಚೀಲದಿಂದ ಉಸಿರಾಡುತ್ತವೆ. ತೋಟದ ಬಸವನಹುಳುವಿಗೂ ಸಮುದ್ರದ ಶಂಖಕ್ಕೂ ನಡುವೆ ನಿಂತಂತಿವೆ. ಚಿಪ್ಪೇ ಇಲ್ಲದ ಓಂಕಿಡಿಯಂ ಎಂಬ ಗೊಂಡೆಹುಳುವೂ ಗಾಳಿಯನ್ನೇ ಉಸಿರಾಡುತ್ತ, ಇಳಿತದಲ್ಲಿ ಹೊರಬಂದು ಮೇಯುತ್ತದೆ.

ಮಾಳಿಗೆಯ ಒಡೆಯನೆಂದರೆ ಲಿಟ್ಟೊರೇರಿಯಾ. ಕಾಂಡ ಮತ್ತು ಎಲೆಗಳ ಮೇಲೆ ಇದರ ವಾಸ. ನೀರು ಏರಿದರೆ ತಾನೂ ಮೇಲೇರುತ್ತದೆ. ಇಳಿದರೆ ತಾನೂ ಇಳಿಯುತ್ತದೆ. ಬಿಸಿಲು ಹೆಚ್ಚಾದರೆ ಬಾಯಿಯ ಮುಚ್ಚಳ ಹಾಕಿಕೊಂಡು, ಲೋಳೆಯ ಅಂಟಿನಿಂದ ಎಲೆಗೆ ಅಂಟಿ, ನೀರು ಖರ್ಚಾಗದಂತೆ ಕುಳಿತುಬಿಡುತ್ತದೆ. ಹೆಣ್ಣು ಲಿಟ್ಟೊರೇರಿಯಾ ಸ್ಕಾಬ್ರಾ ಮೊಟ್ಟೆಗಳನ್ನು ಎಲ್ಲೋ ಇಟ್ಟು ಒಣಗಿಸುವ ಬದಲು ತನ್ನ ಹೊದಿಕೆಯೊಳಗೇ ಕಾಪಾಡಿ, ಈಜಬಲ್ಲ ಮರಿಗಳನ್ನೇ ನೀರಿಗೆ ಬಿಡುತ್ತದೆ. ಕಡಲಿನಲ್ಲಿ ಹುಟ್ಟಿದ ವಂಶವೊಂದು ಮರ ಹತ್ತಿ ಬದುಕಲು ಕಲಿತ ಕಥೆಯಿದು.

ಆಫ್ರಿಕಾದ ಕೀನ್ಯಾದಲ್ಲಿರುವ ಸೆರಿಥಿಡಿಯಾ ಡೆಕೊಲ್ಲಾಟಾ ಎಂಬ ಹುಳುವಂತೂ ಉಬ್ಬರದ ನೀರು ಬಂದು ತಾಗುವ ಮೊದಲೇ ಮರ ಹತ್ತಲು ಶುರುಮಾಡುತ್ತದೆ. ಇಟಲಿಯ ವಿಜ್ಞಾನಿ ಮಾರ್ಕೊ ವನ್ನಿನಿ ಮತ್ತು ಸಂಗಡಿಗರು ಮೀಡಾ ಕ್ರೀಕ್ ಎಂಬಲ್ಲಿ ಇದನ್ನು ವಿವರವಾಗಿ ಗಮನಿಸಿದರು. ಅದರ ಮೈಯೊಳಗೇ ಒಂದು ಗಡಿಯಾರವಿದೆ ಎಂಬುದು ಅವರ ತೀರ್ಮಾನ.

ಗಡಿ ಹಾಕಿದವರು ಯಾರು?

ಈ ಮಹಡಿಗಳನ್ನು ಹಂಚಿಕೊಟ್ಟವರು ಯಾರು? ಇದಕ್ಕೆ ಒಂದು ಪ್ರಸಿದ್ಧ ಪ್ರಯೋಗ ಉತ್ತರ ನೀಡಿತು. ಅಮೆರಿಕದ ಜೋಸೆಫ್ ಕಾನೆಲ್ ಸ್ಕಾಟ್ಲೆಂಡಿನ ಕಲ್ಲುದಡದಲ್ಲಿ ಬಾರ್ನಕಲ್ ಎಂಬ ಅಂಟು ಜೀವಿಗಳನ್ನು ಅಧ್ಯಯನ ಮಾಡಿ 1961ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾರ್ನಕಲ್ ಚಿಪ್ಪಿನಂತೆ ಕಂಡರೂ ಮೃದ್ವಂಗಿಯಲ್ಲ, ಏಡಿಯ ಬಂಧು. ಅಲ್ಲಿ ಒಂದು ಜಾತಿ ಮೇಲೆ, ಇನ್ನೊಂದು ಕೆಳಗೆ ಇತ್ತು. ಕಾನೆಲ್ ಕೆಲವು ಕಲ್ಲುಗಳಿಂದ ಕೆಳಗಿನ ಜಾತಿಯನ್ನು ತೆಗೆದುಹಾಕಿದಾಗ ಮೇಲಿನ ಜಾತಿ ಕೆಳಗೂ ಚೆನ್ನಾಗಿಯೇ ಬೆಳೆಯಿತು. ಅಂದರೆ ಅದನ್ನು ಕೆಳಗೆ ಬಾರದಂತೆ ತಡೆದದ್ದು ನೀರಲ್ಲ, ನೆರೆಯವನ ಒತ್ತುವರಿ. ಕೆಳಗಿನ ಜಾತಿಗೆ ಮಾತ್ರ ಮೇಲಿನ ಒಣಹವೆಯಲ್ಲಿ ಬದುಕಲು ಆಗಲಿಲ್ಲ.

ಜೀವಿಯೊಂದು ಎಷ್ಟು ಮೇಲೆ ಹೋಗಬಹುದು ಎಂಬುದನ್ನು ಹೆಚ್ಚಾಗಿ ಬಿಸಿಲು, ಒಣಹವೆಗಳು ತೀರ್ಮಾನಿಸುತ್ತವೆ. ಎಷ್ಟು ಕೆಳಗೆ ಹೋಗಬಹುದು ಎಂಬುದನ್ನು ಶತ್ರುಗಳು, ಪೈಪೋಟಿಗಾರರು ತೀರ್ಮಾನಿಸುತ್ತಾರೆ. ಎಲ್ಲ ಕಡೆಗೂ ಒಪ್ಪುವ ಕಟ್ಟುನಿಟ್ಟಿನ ನಿಯಮ ಇದಲ್ಲ; ಆದರೆ ದಡದ ಬದುಕನ್ನು ಅರಿಯಲು ಒಳ್ಳೆಯ ಕೀಲಿಕೈ. ಮರ ಹತ್ತಿದ ಲಿಟ್ಟೊರೇರಿಯಾ ಬಿಸಿಲಿನ ಕಷ್ಟವನ್ನು ಒಪ್ಪಿಕೊಂಡು, ನೀರಿನೊಡನೆ ಬರುವ ಏಡಿ, ಮೀನುಗಳಿಂದ ತಪ್ಪಿಸಿಕೊಂಡಿದೆ.

ಮತ್ತೊಂದು ಏಣಿ: ಉಪ್ಪು

ದಡದಿಂದ ನೀರಿಗೆ ಇಳಿಯುವ ಏಣಿ ಒಂದಾದರೆ, ಸಮುದ್ರದಿಂದ ನದಿಯ ಮೇಲಕ್ಕೆ ಹೋಗುವ ಇನ್ನೊಂದು ಏಣಿಯಿದೆ. ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನದಿಯ ಮೇಲಕ್ಕೆ ಹೋದಂತೆ ಇದು ಕಡಿಮೆಯಾಗುತ್ತದೆ. ಅಳಿವೆಯ ಬಾಯಿಯ ಬಂಡೆಗಳ ಮೇಲೆ ಹಸಿರಂಚಿನ ಪೆರ್ನಾ ವಿರಿಡಿಸ್. ಹೆಚ್ಚು ಉಪ್ಪಿನ ಕಡೆ ಪಾಫಿಯಾ. ಏರುಪೇರು ತಾಳಬಲ್ಲ ಮೆರೆಟ್ರಿಕ್ಸ್ ನಡುವೆ. ಸಿಹಿನೀರಿಗೆ ಹತ್ತಿರವಾದ ಕಡೆ ಕಪ್ಪು ಚಿಪ್ಪಿನ ವಿಲ್ಲೊರಿಟಾ. ಮಳೆಗಾಲದಲ್ಲಿ ಘಟ್ಟದ ನೀರು ನುಗ್ಗಿ ಅಳಿವೆಯೆಲ್ಲ ಬಹುತೇಕ ಸಿಹಿಯಾಗುತ್ತದೆ. ಬೇಸಿಗೆಯಲ್ಲಿ ಉಪ್ಪು ಒಳಗೊಳಗೆ ಸರಿಯುತ್ತದೆ. ಈ ವಾರ್ಷಿಕ ತೂಗುಯ್ಯಾಲೆಗೆ ಒಗ್ಗಿಕೊಂಡವು ಮಾತ್ರ ಇಲ್ಲಿ ಉಳಿದಿವೆ.

ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಮಿರ್ಜಾನದ ಪಕ್ಕ ಹರಿದು ತದಡಿಯ ಬಳಿ ಕಡಲು ಸೇರುವ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಆದ್ದರಿಂದ ಈ ತೂಗುಯ್ಯಾಲೆ ಇಲ್ಲಿ ಇನ್ನೂ ಸಹಜವಾಗಿದೆ. ನೆರೆಯ ಶರಾವತಿಯ ಕಥೆ ಬೇರೆ. ವಿದ್ಯುದಾಗಾರಗಳಿಂದ ವರ್ಷವಿಡೀ ಬಿಡುವ ಸಿಹಿನೀರು ಅಲ್ಲಿನ ಅಳಿವೆಯ ಉಪ್ಪನ್ನು ತಗ್ಗಿಸಿದೆ. ಉಪ್ಪು ಬೇಡುವ ಬಳಚುಗಳು ಕ್ಷೀಣಿಸಿವೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಗುರುತಿಸಿದೆ. ಸಿಹಿನೀರು ಒಳ್ಳೆಯದೇ, ಆದರೆ ತಪ್ಪಾದ ಹೊತ್ತಿನಲ್ಲಿ ಬಂದರೆ ಅದೂ ಹಾನಿಯೇ.

ಬುಟ್ಟಿಯ ಲೆಕ್ಕ

ಅದೇ ಸಂಸ್ಥೆಯ ತಂಡ 2008ರಲ್ಲಿ ನೀಡಿದ ಅಂದಾಜಿನಂತೆ ಅಘನಾಶಿನಿ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪಿಕಲ್ಲು ತೆಗೆಯಲಾಗುತ್ತಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದರಿಂದ ನೇರ ದುಡಿಮೆ. ಬಂಡವಾಳವೆಂದರೆ ಒಂದು ಬುಟ್ಟಿ ಮತ್ತು ಉಬ್ಬರವಿಳಿತದ ಅರಿವು, ಅಷ್ಟೇ. ಹೊಲವಿಲ್ಲದವರಿಗೆ, ದೋಣಿಯಿಲ್ಲದವರಿಗೆ ಇದೇ ಹೊಲ, ಇದೇ ದೋಣಿ. ಎಷ್ಟೋ ಮನೆಗಳಲ್ಲಿ ಮಕ್ಕಳ ಪುಸ್ತಕ, ಪಾಟಿಚೀಲದ ಹಣ ಈ ಕೆಸರಿನಿಂದಲೇ ಎದ್ದು ಬಂದಿದೆ.

ಬಳಚುಗಳು ಇದಕ್ಕೆ ಪ್ರತಿಯಾಗಿ ಏನನ್ನೂ ಕೇಳುವುದಿಲ್ಲ. ಅದಲ್ಲದೆ ನೀರನ್ನೂ ಸೋಸಿ ಕೊಡುತ್ತವೆ. ಬೆಳೆದ ಸಿಂಪಿಯೊಂದು ದಿನಕ್ಕೆ ಹತ್ತಾರು ಲೀಟರ್ ನೀರನ್ನು ಸೋಸಬಲ್ಲದು. ಕಾಂಡ್ಲಾ ಎಲೆ ಉದುರುತ್ತದೆ, ಹುಳು ಅದನ್ನು ಪುಡಿ ಮಾಡುತ್ತದೆ, ಆ ಪುಡಿಯ ಮೇಲೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದನ್ನು ಬಳಚು ಸೋಸುತ್ತದೆ, ಬಳಚನ್ನು ಏಡಿ, ಮೀನು, ಹಕ್ಕಿ, ಮನುಷ್ಯ ತಿನ್ನುತ್ತಾರೆ. ಕೊಂಡಿ ಯಾವುದೇ ಕಳಚಿದರೂ ಸರಪಳಿ ಸಡಿಲ.

ಕೊಂಡಿ ಕಳಚುವ ಅಪಾಯಗಳೂ ಇಲ್ಲದಿಲ್ಲ. ತದಡಿಯಲ್ಲಿ 4,000 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾಪ 2000ದ ದಶಕದಲ್ಲಿ ಬಂದು, ಜನರ ವಿರೋಧದ ನಂತರ ಕೈಬಿಟ್ಟುಹೋಯಿತು. ಹೂತುಹೋದ ಹಳೆಯ ಚಿಪ್ಪುಗಳನ್ನು ಸುಣ್ಣಕ್ಕಾಗಿ ಅಗೆಯುವುದು, ಮರಳು ತೆಗೆಯುವುದು, ಮರಿ ಬಳಚನ್ನೂ ಬಿಡದೆ ಬಾಚುವುದು, ನದಿಯ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಚನೆ ಹೀಗೆ ಪಟ್ಟಿ ಬೆಳೆಯುತ್ತದೆ. ಒಳ್ಳೆಯ ಉದ್ದೇಶದ ಕೆಲಸಕ್ಕೂ ಎಚ್ಚರ ಬೇಕು. ಬಳಚಿನ ಬಯಲನ್ನು ಖಾಲಿ ಜಾಗವೆಂದು ತಿಳಿದು ಅಲ್ಲೆಲ್ಲ ಕಾಂಡ್ಲಾ ನೆಟ್ಟರೆ ಮರ ಬೆಳೆದೀತು, ನೆಲ ಅಂತಸ್ತಿನ ಒಕ್ಕಲು ಎದ್ದುಹೋದೀತು.

ದಾರಿಗಳೂ ಇವೆ. ಕೇರಳದ ಅಷ್ಟಮುಡಿ ಹಿನ್ನೀರಿನ ಪಾಫಿಯಾ ಮೀನುಗಾರರು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ಬಳಚು ಮರಿ ಮಾಡುವ ಕಾಲದಲ್ಲಿ, ಕೊಯ್ಲು ನಿಲ್ಲಿಸುವ ಪದ್ಧತಿ ತಂದುಕೊಂಡರು. ಮರಿಗಳು ಜಾರಿಹೋಗುವಂಥ ಕಣ್ಣಿನ ಬಲೆ ಬಳಸಿದರು. 2014ರಲ್ಲಿ ಅಂತರರಾಷ್ಟ್ರೀಯ ಸುಸ್ಥಿರ ಮೀನುಗಾರಿಕೆಯ ಪ್ರಮಾಣಪತ್ರ ಪಡೆದ ಭಾರತದ ಮೊದಲ ಮೀನುಗಾರಿಕೆ ಅದಾಯಿತು. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುನೆಲೆಗಳ ಪಟ್ಟಿಗೆ ಸೇರಿತು. 2021ರ ಅರಣ್ಯ ಸ್ಥಿತಿ ವರದಿಯಂತೆ ದೇಶದಲ್ಲಿದ್ದ 4,992 ಚದರ ಕಿಲೋಮೀಟರ್ ಕಾಂಡ್ಲಾ ಕಾಡಿನಲ್ಲಿ ಕರ್ನಾಟಕದ ಪಾಲು ಕೇವಲ 13. ಇರುವುದು ಅಂಗೈಯಗಲ, ಅದನ್ನು ಉಳಿಸಿಕೊಳ್ಳುವ ಜಾಣ್ಮೆಯೂ ಅಷ್ಟೇ ಮುಖ್ಯ.

ನೀವೇ ಎಣಿಸಿ ನೋಡಿ

ಕರಾವಳಿಯ ವಿದ್ಯಾರ್ಥಿಗಳು ಇದನ್ನು ಸುಲಭದ ಪ್ರಯೋಗವಾಗಿ ಮಾಡಬಹುದು. ದಡದಿಂದ ನೀರಿನ ಅಂಚಿನವರೆಗೆ ಒಂದು ಹಗ್ಗ ಎಳೆಯಿರಿ. ಪ್ರತಿ ಐದು ಮೀಟರಿಗೊಂದು ಗಂಟು. ಅರ್ಧ ಮೀಟರ್ ಉದ್ದಗಲದ ಬಿದಿರಿನ ಚೌಕಟ್ಟನ್ನು ಪ್ರತಿ ಗಂಟಿನ ಬಳಿ ಇಟ್ಟು, ಅದರೊಳಗಿನ ಹುಳು, ಚಿಪ್ಪುಗಳನ್ನು ಜಾತಿವಾರು ಎಣಿಸಿ ಬರೆದುಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆದು ಒಂದು, ಎರಡು ಎಂದು ಗುರುತು ಹಾಕಿದರೂ ಸಾಕು. ಜೀವಂತ ಹುಳುಗಳನ್ನು ಅಲ್ಲಿಯೇ ಬಿಡಿ.

ಒಂದು ಚೌಕದಲ್ಲಿ ಐದು ಜಾತಿಗಳು ತಲಾ 20ರಂತೆ ನೂರು ಹುಳುಗಳಿವೆ ಎನ್ನಿ. ಇನ್ನೊಂದರಲ್ಲೂ ಐದೇ ಜಾತಿ, ನೂರೇ ಹುಳು. ಆದರೆ ಒಂದೇ ಜಾತಿಯವು 96, ಉಳಿದವು ಒಂದೊಂದು. ಎರಡೂ ಸಮಾನ ವೈವಿಧ್ಯವೇ? ಅಲ್ಲ ಎಂದು ಮನಸ್ಸು ಹೇಳುತ್ತದೆ. ಅದನ್ನೇ ಅಂಕಿಯಲ್ಲಿ ಹೇಳಲು ವಿಜ್ಞಾನಿಗಳು ಶಾನನ್ ಸೂಚ್ಯಂಕ ಬಳಸುತ್ತಾರೆ. ದೂರಸಂಪರ್ಕದ ಗಣಿತಕ್ಕಾಗಿ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಸೂತ್ರ ಜೀವವಿಜ್ಞಾನಕ್ಕೂ ಒದಗಿಬಂತು. ಪ್ರತಿ ಜಾತಿಯ ಪಾಲನ್ನು ಅದರ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಋಣಚಿಹ್ನೆ ತೆಗೆದರೆ ಸೂಚ್ಯಂಕ ಸಿದ್ಧ. ಮೊದಲ ಚೌಕಕ್ಕೆ ಇದು 1.61, ಎರಡನೆಯದಕ್ಕೆ ಕೇವಲ 0.22. ಪಿಯುಸಿ ವಿದ್ಯಾರ್ಥಿಗಳು ಲೆಕ್ಕ ಮಾಡಿ ತಾಳೆ ನೋಡಬಹುದು.

ಒಂದು ಎಚ್ಚರಿಕೆ. ಹೊರಡುವ ಮೊದಲು ಆ ದಿನದ ಇಳಿತದ ಸಮಯ ತಿಳಿದುಕೊಳ್ಳಿ. ನೀರು ತಿರುಗುವ ಮೊದಲೇ ದಡ ಸೇರಿ. ಸಿಂಪಿಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಆದ್ದರಿಂದ ಬರಿಗಾಲು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಬಳಚು ತೆಗೆಯುವ ಹಿರಿಯಮ್ಮ ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ. ಯಾವ ಗಂಟಿನ ಬಳಿ ಯಾವ ಚಿಪ್ಪು ಸಿಗುತ್ತದೆ ಎಂದು ಚೌಕಟ್ಟು ಇಡುವ ಮೊದಲೇ ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಎಣಿಕೆ ಮುಗಿದ ಮೇಲೆ ಎರಡು ಪಟ್ಟಿಗಳನ್ನೂ ಹೋಲಿಸಿ ನೋಡಿ. ಕಾಲಿನ ಹೆಬ್ಬೆರಳು ಎಷ್ಟು ಸರಿಯಾಗಿ ಓದಿದೆ ಎಂಬುದು ಆಗ ತಿಳಿಯುತ್ತದೆ.